ವಿಷಲ್ ಕದ್ದ ಮೇಷ್ಟ್ರು

ಸಿನಿಮಾ ನೋಡಿ ಅಳುವವರನ್ನು ಕಂಡು ನಗುವವರ ಪೈಕಿ ನಾನು. ಅಂಥ ನಾನೇ ಮೊನ್ನೆ ಭಾನುವಾರ ಚಿಕ್ಕಬಳ್ಳಾಪುರದಲ್ಲಿ, ಮಧ್ಯಾಹ್ನದ ಆಟಕ್ಕೆ ಹೋಗಿ, ಅರ್ಧಕ್ಕರ್ಧ ಅರ್ಥವಾಗದ ತಮಿಳು ಚಿತ್ರವೊಂದಕ್ಕೆ ಬಿಕ್ಕಿ ಬಿಕ್ಕಿ ಅತ್ತೆ. ಅದರ ನಾಯಕ ಒಬ್ಬ ಚಿಲ್ಲರೆ ಕಳ್ಳ. ಪರ್ಸು, ಮೊಬೈಲು, ದೇವಸ್ಥಾನದ ಮುಂದಿನ ಚಪ್ಪಲಿ, ಯಾವುದನ್ನೂ ಬಿಡುವವನಲ್ಲ. ಅವನು ಕದ್ದ ಸರದ ಅಪವಾದ ಮನೆಗೆಲಸದ ಹೆಂಗಸೊಬ್ಬಳ ಮೇಲೆ ಬರುತ್ತದೆ. ಮೂವತ್ತು ರೌಡಿಗಳನ್ನು ಬಡಿದುಹಾಕಿ, ಸರ ವಾಪಸ್ಸು ತಂದು, ಅವನು ಆಕೆಯ ಕಾಲಿಗೆ ಬೀಳುತ್ತಾನೆ. ಹೊಡೆದಾಟಕ್ಕೆ ಜನ ಶಿಳ್ಳೆ ಹಾಕಿದರು; ಕಾಲಿಗೆ ಬಿದ್ದಾಗ ನಾನು ಅತ್ತೆ.

"ಏನ್ರೀ ಇದು? ನಿಮ್ಗೆ ತಮಿಳು ಯಾವಾಗ ಬಂತು?" ಎಂದಳು ಹೆಂಡತಿ ಗಿರಿಜಾ.

ತಮಿಳು ಬಂದಿರಲಿಲ್ಲ, ಕುಕ್ಕರಿನ ವಿಷಲ್ ನೆನಪಾಗಿತ್ತು. ಎರಡು ವರ್ಷದ ಹಿಂದೆ ಗಿರಿಜಾ ಗೌರಿಬಿದನೂರಿನ ತವರಿಗೆ ಹೋಗಿದ್ದಾಗ ನಾನು ಅಡುಗೆಗೆ ಇಳಿದಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ಒಂದು ಬೇಳೆ ಬೇಯಿಸುವುದೇನು ಮಹಾ ಎಂಬ ಧೈರ್ಯ. ತರಕಾರಿ ಸಿಪ್ಪೆಯ ಜೊತೆ ವಿಷಲನ್ನೂ ಕಸದ ಗಾಡಿಗೆ ಸುರಿದುಬಿಟ್ಟೆ. ಗಿರಿಜಾ ಇನ್ನೊಂದು ಗಂಟೆಯಲ್ಲಿ ಬರುವವಳಿದ್ದಳು. ಎಡಗಡೆ ಮನೆಯ ನಾರಾಯಣಮ್ಮನವರು ತೊಳೆದ ಪಾತ್ರೆಗಳನ್ನು ಕಾಂಪೌಂಡಿನ ಮೇಲೆ ಒಣಗಲು ಇಟ್ಟಿದ್ದರು. ಅವರ ಕುಕ್ಕರ್ ಮುಚ್ಚಳದ ಮೇಲೆ ನಮ್ಮದೇ ಕಂಪನಿಯ ವಿಷಲ್ ಮಿನುಗುತ್ತಿತ್ತು. ನಾಳೆ ಹೊಸದು ತಂದಿಟ್ಟರಾಯಿತು ಎಂದು ಕೈ ಚಾಚಿದೆ.

ಆ ನಾಳೆ ಬರುವಷ್ಟರಲ್ಲಿ ಜಗಳವೇ ಆಗಿಹೋಗಿತ್ತು. ನಾನು ಕದ್ದ ಹಿಂದಿನ ದಿನವಷ್ಟೇ ನಾರಾಯಣಮ್ಮನವರ ಬಳಿ ವಿಷಲ್ ಎರವಲು ಕೇಳಿದ್ದವರು ನಮ್ಮ ಬಲಗಡೆ ಮನೆಯ ಶಾಂತಮ್ಮ; ಅನುಮಾನ ಅವರ ಮೇಲೇ ಬಿತ್ತು. ಇಬ್ಬರೂ ಮೇಲೂರಿನವರು, ಲಂಗ ಹಾಕುವ ಕಾಲದಿಂದ ಗೆಳತಿಯರು. "ಇನ್ನೊಂದ್ಸಲ ಕೇಳಿದ್ರೆ ಕೊಡ್ತಿರಲಿಲ್ವೇನೇ?" ಎಂದು ನಾರಾಯಣಮ್ಮ, "ನನ್ನ ಕಳ್ಳಿ ಅಂದ್ಯಾ?" ಎಂದು ಶಾಂತಮ್ಮ. ಅಂದಿನಿಂದ ಇಬ್ಬರ ಮಾತೂ ನಿಂತಿತು. ನಡುವಿನ ಮನೆಯ ನಾನು ಜೇಬಿನಲ್ಲಿ ಹೊಸ ವಿಷಲ್ ಇಟ್ಟುಕೊಂಡು, "ಛೆ, ಎಂಥ ಕಾಲ ಬಂತು" ಎಂದು ಇಬ್ಬರಿಗೂ ಸಮಾಧಾನ ಹೇಳಿದೆ.

ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ ಇಬ್ಬರನ್ನೂ ನಮ್ಮ ಜಗಲಿಗೆ ಕರೆದೆ. ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಅಂದು ತಂದಿದ್ದ ಹೊಸ ವಿಷಲನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲವನ್ನೂ ಹೇಳಿದೆ. ಮೂವತ್ತು ರೌಡಿಗಳೇ ವಾಸಿ ಅನ್ನಿಸಿತು.

ಶಾಂತಮ್ಮ ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಎರಡು ವರ್ಷ ಮೇಷ್ಟ್ರೇ! ನನ್ನ ಮಗಳ ಮದುವೇಗೂ ಇವಳು ಬರ್ಲಿಲ್ಲ."

"ಬಂದಿದ್ದೆ ಕಣೇ," ಎಂದರು ನಾರಾಯಣಮ್ಮ, ಸೆರಗಿನಲ್ಲಿ ಮೂಗು ಒರೆಸುತ್ತಾ. "ಛತ್ರದ ಬಾಗಿಲ್ತನ್ಕ ಬಂದೆ. ಎಲ್ಲಿ ಎಲ್ರ ಮುಂದೆ ಏನಾದ್ರೂ ಅಂದುಬಿಡ್ತೀಯೋ ಅಂತ ವಾಪಸ್ ಹೋದೆ. ತಪ್ಪಾಯ್ತು ಕಣೇ ಶಾಂತಾ."

"ಒಳಗೆ ಬರ್ಬಾರ್ದಿತ್ತಾ? ನಿನ್ನ ಪಾಲಿನ ಚಿರೋಟಿ ಎತ್ತಿಟ್ಟಿದ್ದೆ ಕಣೇ!"

ಇಬ್ಬರೂ ಅಪ್ಪಿಕೊಂಡು ಅತ್ತರು. ನನ್ನ ಎದೆಯ ಭಾರ ಇಳಿದಂತಾಯಿತು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಮಕ್ಕಳಿಗೆ ಪಾಠ ಹೇಳೋರು ಮಾಡೋ ಕೆಲ್ಸನಾ ಇದು?" ಎಂದು ಶುರುವಾಗಿದ್ದು ಅರ್ಧ ಗಂಟೆ ನಡೆಯಿತು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಎರಡು ವರ್ಷ ಮಾತು ಬಿಟ್ಟವರೆಂದು ಯಾರೂ ನಂಬುವಂತಿರಲಿಲ್ಲ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಗಿರಿಜಾ ಮಾತ್ರ ಬಾಗಿಲಲ್ಲಿ ನಿಂತು, "ಇನ್ನೇನೇನಿದೆ? ಅದನ್ನೂ ಇವತ್ತೇ ಹೇಳ್ಬಿಡಿ," ಎಂದಳು.

ಇಲ್ಲವೆಂದು ತಲೆಯಾಡಿಸಿದೆ. ಇನ್ನು ಮೇಲೆ ಯಾವುದೇ ಚಿತ್ರಕ್ಕೆ ಹೊರಡುವ ಮುಂಚೆ ನಾಯಕನ ಕಸುಬು ಏನೆಂದು ವಿಚಾರಿಸಿಕೊಳ್ಳುತ್ತೇನೆ. ಪೊಲೀಸ್ ಎಂದರೆ ಧೈರ್ಯವಾಗಿ ಹೋಗುತ್ತೇನೆ. ಕಳ್ಳ ಎಂದರೆ ನನಗೆ ತಲೆನೋವು ಬಂದುಬಿಡುತ್ತದೆ.