ದಿಬ್ಬದ ಮೇಲಿನ ನೆರಳು

ಸಿಟ್ಟಾಗುವುದಕ್ಕೂ ಚಿಕ್ಕಂದಿನಿಂದ ಅಭ್ಯಾಸ ಬೇಕು. ನನಗೆ ಅದು ಇರಲಿಲ್ಲ. ನಮ್ಮ ಮನೆಯಲ್ಲಿ ಸಿಟ್ಟಾಗುವ ಕೆಲಸವನ್ನು ಅಕ್ಕ ವಹಿಸಿಕೊಂಡಿದ್ದಳು. ತಲೆಯಾಡಿಸುವುದು ನನ್ನ ಪಾಲಿಗೆ ಬಂದಿತ್ತು. ಹಾಲಿಗೆ ನೀರು ಬೆರೆಸಿದವನಿಂದ ಹಿಡಿದು ಎಲ್ಲೋ ದೂರದಲ್ಲಿ ಯುದ್ಧ ಹಚ್ಚಿದವರವರೆಗೆ ಎಲ್ಲರನ್ನೂ ಅವಳೇ ವಿಚಾರಿಸಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡಾಗ ಬಂದವರು ಮೆಲ್ಲಗೆ, "ಅಕ್ಕ ಏನಾದರೂ ಬಿಟ್ಟುಹೋದರಾ?" ಎಂದು ಕೇಳಿದರು. ಸರ, ಬಳೆ ಅವಳ ಮಗಳಿಗೆ ಹೋದವು. ನನಗೆ ಬಂದದ್ದು ಆ ಸಿಟ್ಟು. ಅದನ್ನು ಎಲ್ಲಿಡಬೇಕೋ ತಿಳಿಯದೆ ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ನಾನು ನ್ಯಾಮತಿಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವವನು. ಗಂಡನನ್ನು ಕಳೆದುಕೊಂಡ ಅಕ್ಕ ನನ್ನ ಜೊತೆಗೇ ಇದ್ದಳು. ಅವಳ ಮಗಳು ಗಂಗವ್ವನನ್ನು ಹೊನ್ನಾಳಿಗೆ ಕೊಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಮಗಳನ್ನು ನೋಡದಿದ್ದರೆ ಅಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ. ಹೊನ್ನಾಳಿಯ ಬಸ್ಸು ಮೊದಲಿನಿಂದ ಊರಾಚೆ ದಿಬ್ಬದ ಬುಡದಲ್ಲಿ ನಿಲ್ಲುತ್ತಿತ್ತು. ಅಲ್ಲೊಂದು ತಂಗುದಾಣ ಕಟ್ಟಿಸುತ್ತೇವೆಂದು ಸರ್ಕಾರದವರು ಹೇಳಿದಾಗ ನನ್ನ ಮೀಸೆ ಕಪ್ಪಗಿತ್ತು. ಕಟ್ಟಿ ಮುಗಿಸುವ ಹೊತ್ತಿಗೆ ನರೆತಿತ್ತು. ಆದರೂ ಒಳ್ಳೆಯ ಕಟ್ಟಡ. ಮಂಗಳೂರು ಹೆಂಚು, ನಾಲ್ಕು ಕಂಬ, ಕೂರಲು ಕಲ್ಲಿನ ಹಾಸು. ಸುಣ್ಣ ಇನ್ನೂ ಹಸಿಯಿತ್ತು. ಅಷ್ಟರಲ್ಲಿ ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದಂತಾಗಿ ಇದ್ದಿಲ ಬಸ್ಸು ಬಂತು.

ಇದ್ದಿಲ ಬಸ್ಸನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಅದರ ಬೆನ್ನಿಗೆ ಹಂಡೆಯಂಥ ಒಂದು ಒಲೆ. ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಲ್ಲಿ ಗಾಡಿ ಓಡಿಸಬೇಕು. ದೂರದಿಂದ ಓಡಿಬಂದರೆ ಹೇಗೋ ದಿಬ್ಬ ಹತ್ತೀತು. ಬುಡದಲ್ಲಿ ನಿಂತಿತೋ, ಮತ್ತೆ ಏಳುವ ಮಾತಿಲ್ಲ. ಹಾಗಾಗಿ ಡ್ರೈವರ್ ಖಾದರ್ ಸಾಬರು ತಂಗುದಾಣದ ಮುಂದೆ ಗಾಳಿಯಂತೆ ಹಾದು, ದಿಬ್ಬದ ನೆತ್ತಿಯಲ್ಲಿ ಬಸ್ಸು ನಿಲ್ಲಿಸತೊಡಗಿದರು. ಮತ್ತೆ ಹೊರಡುವಾಗ ಇಳಿಜಾರಿನಲ್ಲಿ ಬಿಟ್ಟರಾಯಿತು, ತಾನೇ ಉಸಿರು ಹಿಡಿಯುತ್ತಿತ್ತು. ನೆತ್ತಿಯ ಮೇಲೆ ಒಂದು ಜಾಲಿಗಿಡವೂ ಇಲ್ಲ. ಜನ ಮೇಲೆ ಬಿಸಿಲಲ್ಲಿ, ಎಮ್ಮೆಗಳು ಕೆಳಗೆ ಹೆಂಚಿನ ನೆರಳಲ್ಲಿ.

"ಏನ್ ಸಾಬರೇ, ಸರ್ಕಾರ ನೆರಳು ಅಲ್ಲಿ ಕಟ್ಟೈತೆ, ನೀವು ಇಲ್ಲಿ ನಿಲ್ಸಾಕೆ ಹತ್ತೀರಿ. ನಾವೇನು ಹಪ್ಪಳಾನಾ, ಒಣಗಾಕೆ?" ಅಂದಳು ಅಕ್ಕ.

"ಅಕ್ಕಾರೇ, ಇದು ಬಸ್ಸಲ್ರೀ, ಒಲೆ ಐತೆ. ಕೆಳಗೆ ನಿಲ್ಸಿದ್ರೆ ನೀವೇ ಇಳಿದು ನೂಕಬೇಕಾಗ್ತೈತೆ."

"ನೂಕ್ತೀನಿ, ನಿಲ್ಸು!"

ಒಂದು ಸಲ ಸಾಬರು ನಿಲ್ಲಿಸಿಯೂ ಬಿಟ್ಟರು. ಅಕ್ಕ ಸೆರಗು ಸಿಕ್ಕಿಸಿ ನೂಕಿದಳು. ನಾವೆಲ್ಲ ನೂಕಿದೆವು. ಬಸ್ಸು ಅಲುಗಲಿಲ್ಲ. ಎಮ್ಮೆಗಳು ಮೆಲುಕು ಹಾಕುತ್ತ ನೋಡಿದವು. ಮನೆಗೆ ಬಂದವಳೇ, ತಂಗುದಾಣ ಕಟ್ಟಿಸಿದ ಓವರ್‌ಸೀಯರನ್ನು ಕಂಡು ದಿಬ್ಬದ ಮೇಲೆ ನೆರಳು ಮಾಡಿಸೆಂದು ನನ್ನನ್ನು ಅಟ್ಟಿದಳು. ಹೋದೆ. ಎಷ್ಟು ಮೆತ್ತಗೆ ಹೇಳಿದೆನೆಂದರೆ, ಅವರು ನಾನು ನಮಸ್ಕಾರ ಹೇಳಲು ಬಂದಿರುವೆನೆಂದೇ ತಿಳಿದು, ಕಾಫಿ ಕುಡಿಸಿ ಕಳಿಸಿದರು. "ಏನಂದ?" ಅಂದಳು ಅಕ್ಕ. "ಕಾಫಿ ಚೆನ್ನಾಗಿತ್ತು" ಅಂದೆ.

ಅವಳು ಹೋದದ್ದು ಶ್ರಾವಣದ ಜ್ವರದಲ್ಲಿ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಹೇಳಿದರು, ನಾನೂ ಒಪ್ಪಿದೆ. ಆದರೆ ದಿಬ್ಬದ ಮೇಲೆ ಅವಳು ಹಿಡಿಯುತ್ತಿದ್ದ ಕೊಡೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಅಂಗಡಿಗೆ ಹೊರಟಾಗಲೆಲ್ಲ ಅದು ಭುಜಕ್ಕೆ ತಗುಲುತ್ತಿತ್ತು. ತೆಗೆದಿಡಲೂ ಮನಸ್ಸು ಬರಲಿಲ್ಲ.

ಹೀಗಿರುವಾಗ ಅದೇ ಓವರ್‌ಸೀಯರು ನಮ್ಮ ಅಂಗಡಿಗೆ ಬಂದರು. ಆಗ ಬಟ್ಟೆಗೆ ಕಂಟ್ರೋಲು. ಅಂಗಿ ಬಟ್ಟೆ ಸಿಗುವುದೇ ಕಷ್ಟ. ನಾನು ಅಳೆದು ಕತ್ತರಿ ಇಟ್ಟೆ. ಕೈ ಮುಂದೆ ಹೋಗಲೊಲ್ಲದು.

"ಯಾಕ್ರೀ, ಹರೀರಿ" ಅಂದರು.

"ಸ್ವಾಮೀ, ನಿಮ್ಮ ಮೈಗೆ ಬಟ್ಟೆ ಬೇಕು, ನಮ್ಮ ತಲೆಗೆ ನೆರಳು ಬ್ಯಾಡೇನು? ಎಮ್ಮಿಗೆ ಹೆಂಚು ಹೊದಿಸೀರಿ, ಮನುಷ್ಯಾರನ್ನ ದಿಬ್ಬದ ಮ್ಯಾಲೆ ಹಪ್ಪಳ ಮಾಡೀರಿ! ನಿಮ್ಮ ಕಟ್ಟಡ ನೋಡಾಕೆ ಚೆಂದ ಐತೆ, ಬಸ್ಸೇ ನೋಡವಲ್ದು!"

ಮಾಲೀಕರು ಬಾಯಿ ತೆರೆದವರು ಮುಚ್ಚಲಿಲ್ಲ. ನಾನೂ ಹಿಂದೆ ತಿರುಗಿ ನೋಡಿದೆ, ಮಾತಾಡಿದವರು ಯಾರೆಂದು. ಅದು ಅಕ್ಕನ ದನಿ.

ಅಂದಿನಿಂದ ಬಿಡಲಿಲ್ಲ. ಓವರ್‌ಸೀಯರು ಸಂತೆಗೆ ಬಂದರೆ ಸಂತೆಯಲ್ಲಿ, ಕ್ಷೌರಕ್ಕೆ ಕೂತರೆ ಕ್ಷೌರದಲ್ಲಿ. ಯಾರಿಗಾಗಿ ಎಂದು ಕೇಳಬೇಡಿ, ಗಂಗವ್ವ ಕೇಳಿದಳು. "ಅವ್ವನೇ ಇಲ್ಲ, ಇನ್ಯಾರಿಗೆ ನೆರಳು ಮಾವ?" ಎಂದಳು. ನನ್ನ ಸಿಟ್ಟು ಮಾತ್ರ ಹೆಚ್ಚಾಯಿತು. ಕೊನೆಗೂ ಮಂಜೂರಾಯಿತು. ಕಲ್ಲು ಬಂತು, ಆಮೇಲೆ ಸುಣ್ಣ ಬಂತು. ಹೆಂಚು ಬರುವ ಹೊತ್ತಿಗೆ ಯುದ್ಧ ಮುಗಿದು ಮಳೆಗಾಲವೊಂದು ಕಳೆದಿತ್ತು. ಮಾವಿನ ತೋರಣ ಕಟ್ಟಿ, ಓವರ್‌ಸೀಯರ್ ಸಾಹೇಬರ ಕೊರಳಿಗೆ ಹಾರ ಹಾಕಿ, ದಿಬ್ಬದ ಮೇಲೆ ನಾವೆಲ್ಲ ಬಸ್ಸಿಗೆ ಕಾದೆವು. ಬಸ್ಸು ಬಂತು. ಬೆನ್ನಿಗೆ ಒಲೆ ಇರಲಿಲ್ಲ. ಅದೇ ದಿನದಿಂದ ಪೆಟ್ರೋಲು ಮತ್ತೆ ಸಿಗತೊಡಗಿತ್ತು. ಅದು ಠೀವಿಯಿಂದ ಕೆಳಗಿನ ತಂಗುದಾಣದ ಮುಂದೆ ನಿಂತು, ಎಮ್ಮೆಗಳನ್ನು ಎಬ್ಬಿಸಿ, ಜನರನ್ನು ಇಳಿಸಿ, ನಮ್ಮ ತೋರಣದ ಮುಂದೆ ಗಾಳಿಯಂತೆ ಹಾದುಹೋಯಿತು.

ಈಗ ದಾರಿಹೋಕರೆಲ್ಲ, "ಈ ಬೋಳು ದಿಬ್ಬದ ಮ್ಯಾಲೆ ಕಟ್ಟಿಸಿದ ಜಾಣ ಯಾರೋ!" ಎನ್ನುತ್ತಾರೆ. "ಸರ್ಕಾರದ ದುಡ್ಡು, ಕೇಳೋರು ಯಾರು?" ಎಂದು ನಾನೇ ಎಲ್ಲರಿಗಿಂತ ಜೋರಾಗಿ ಬೈಯುತ್ತೇನೆ.

ಮೊನ್ನೆ ಹೊನ್ನಾಳಿಗೆ ಹೊರಟವನು ಹಟಕ್ಕೆ ಮೇಲೆಯೇ ಹೋಗಿ ಕೂತೆ. ನೆರಳು ತಂಪಾಗಿತ್ತು. ಪಕ್ಕದಲ್ಲಿ ಅಕ್ಕನ ಕೊಡೆ. ಕೆಳಗೆ ಬಸ್ಸು ನಿಂತಿತು, ಹೊರಟಿತು. ನಾನು ಏಳಲಿಲ್ಲ. ದಿಬ್ಬ ಏರುತ್ತ ಖಾದರ್ ಸಾಬರು ನನ್ನನ್ನು ನೋಡಿದರು, ಕೊಡೆಯನ್ನು ನೋಡಿದರು. ದಿಬ್ಬದ ಮೇಲೆ ಬಸ್ಸು ನಿಂತಿತು.

ಹತ್ತಿದ ಕೂಡಲೇ ಒಳಗೆ ಕೂತಿದ್ದ ಒಬ್ಬ ಮುದುಕಿ ಶುರುಮಾಡಿದಳು: "ಏನಪಾ ದೊರೆ, ಕೆಳಗೆ ಬಂದು ಹತ್ತಾಕೆ ಕಾಲಿಲ್ಲೇನು? ನಿನ್ನೊಬ್ಬನ ಸಲುವಾಗಿ ಬಸ್ಸು ಹೆಜ್ಜಿಗೊಂದು ಕಡೆ ನಿಲ್ಲಬೇಕೇನು?" ಅವಳ ಪಕ್ಕದಲ್ಲೇ ಜಾಗ ಖಾಲಿಯಿತ್ತು. ಹೊನ್ನಾಳಿಯ ಹೊಳೆ ಕಾಣುವವರೆಗೂ ಅವಳು ಬೈಗುಳ ನಿಲ್ಲಿಸಲಿಲ್ಲ. ನಾನು ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ದಿನದ ಮೇಲೆ ಹಾಯಾಗಿ, ತಲೆಯಾಡಿಸುತ್ತ ಕೂತಿದ್ದೆ.