ಆಸಕ್ತಿ ಕೇಳಹೋಗಿ ಬುಗುರಿಯಾದೆ

ಜೂನ್‌ನಲ್ಲಿ ಶಾಲೆ ಶುರುವಾಯಿತೆಂದರೆ ನನಗೆ ಇಂಥ ಪೇಚಾಟ ತಪ್ಪಿದ್ದಲ್ಲ. ರಾಮನಗರದಿಂದ ಉಯ್ಯಂಬಳ್ಳಿವರೆಗೆ ಹುಡುಕಿದರೂ ನನ್ನಂಥ ಚಿತ್ರಕಲಾ ಮೇಷ್ಟ್ರು ಸಿಗಲ್ಲ. ಹುಡುಕಿದವರು ಯಾರೂ ಇಲ್ಲ ಅನ್ನಿ.

ಈ ಸಲ ಗಣಿತದ ಮೇಷ್ಟ್ರು ನನ್ನ ಪೀರಿಯಡ್ ಮೇಲೆ ಕಣ್ಣಿಟ್ಟಿದ್ದರು. ನನ್ನೆದುರೇ ಹೆಡ್ ಮೇಡಂಗೆ ಅಂದರು: "ಚಿತ್ರ ಬರ್ದು ಯಾರ್ ಉದ್ಧಾರ ಆಗವ್ರೆ ಮೇಡಂ? ಅದನ್ನ ನಂಗೆ ಕೊಡಿ."

ನಾನು ಬಿಟ್ಟೇನೆಯೇ? "ಒಂದು ವಾರ ಕೊಡಿ ಮೇಡಂ. ಯಾವ ಮಗೂಗೆ ಏನಿಷ್ಟ ಅಂತ ಕಂಡುಹಿಡಿದು ತೋರಿಸ್ತೀನಿ" ಅಂದೆ.

"ಶುಕ್ರವಾರ ಬಂದು ನೋಡ್ತೀನಿ. ಆಗ್ಲಿಲ್ಲಾಂದ್ರೆ ಪೀರಿಯಡ್ ಅವರದ್ದು" ಅಂದರು ಹೆಡ್ ಮೇಡಂ.

ಕಿತ್ತುಹೋಗದ ಬಾಲ

"ನಿಮಗಿಷ್ಟವಾದದ್ದು ಬರೀರಿ" ಅಂದೆ. ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗನೊಬ್ಬ ಬೆಕ್ಕು ಶುರುಮಾಡಿದ. ಕಿವಿ, ಮೀಸೆ, ಹೊಟ್ಟೆ ಎಲ್ಲಾ ಒಂದೇ ಗೆರೆ! ಬಾಯಿ ಬಿಟ್ಟುಕೊಂಡು ನೋಡಿದೆ. ಊಟದ ಬೆಲ್ಲೂ ಆಯಿತು.

"ಪೆನ್ಸಿಲ್ ಎತ್ತಲೇ!"

"ಎಳೆ ಕಿತ್ತೋಗ್ತದೆ ಸಾರ್, ಮನೇಲಿ ನಮ್ಮ ಅಬ್ಬಾ ಬೈತಾರೆ!"

ಹಾಳೆ ಮುಗಿದರೂ ಬಾಲ ಮುಗಿಯಲಿಲ್ಲ. ಬೆಂಚಿಗಿಳಿದು ಪಕ್ಕದವನ ಹಾಳೆ ಹತ್ತಿತು. ಪಾಪ, ಅವನು ಬರೆದಿದ್ದ ಮನೆಗೆ ಈಗಲೂ ಬಾಲ ಇದೆ.

ಸೆಂಟಿನ ತಪ್ಪು

ಕನಕಪುರದ ಕಡೆಯ ಹುಳ ಸಾಕುವ ರೈತರ ಹುಡುಗ ರೇಷ್ಮೆಹುಳ ಬರೆದಿದ್ದ. ಅವು ಸೊಪ್ಪು ಮೇಯುವ ಚರಚರ ಸದ್ದು ನನಗೆ ಕೇಳಿಸಿತು ಅಂದರೆ ನಂಬಿ. ಬಗ್ಗಿದೆ. ಹುಡುಗ ಹಾಳೆಯನ್ನು ಅಂಗಿಯೊಳಗೆ ಸೇರಿಸಿಬಿಟ್ಟ.

"ಸೆಂಟ್ ಹಾಕ್ಕಂಡ್ ಬಂದಿದ್ದೀರಾ ಸಾರ್. ಹುಳಕ್ಕೆ ಆ ವಾಸ್ನೆ ಆಗಲ್ಲ. ಒಸಿ ಆಚೆ ನಿಂತ್ಕಳಿ!"

ನಿಂತೆ. ಮಾರನೇ ದಿನ ಸೆಂಟ್ ಹಾಕದೆ ಹೋದೆ. ಹುಳ ಒಂದು ಸುತ್ತು ದಪ್ಪ ಆಗಿದ್ದವು, ದೇವರಾಣೆ!

ಬೋರ್ಡ್ ತಿರುಗಲ್ಲ

ಶುಕ್ರವಾರ ಬಂತು. ಮೇಡಂ ಬಂದರು, ಹಿಂದೆಯೇ ಕೈವಾರ ಹಿಡಿದು ಗಣಿತದ ಮೇಷ್ಟ್ರು. ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಹುಡುಗಿ ಚೆಂಡು ಬರೆಯುತ್ತಿದ್ದಳು. ಬಣ್ಣದ ಕಡ್ಡಿ ಹಿಡಿದ ಕೈ ಅಲ್ಲಾಡದು; ಇನ್ನೊಂದು ಕೈಯಲ್ಲಿ ಹಾಳೆಯನ್ನೇ ಗರಗರ ತಿರುಗಿಸುತ್ತಿದ್ದಳು!

"ಮನೇಲಿ ಮಿಷಿನ್ನಲ್ಲಿ ಗೊಂಬೇನೇ ತಿರುಗ್ತದೆ ಸಾರ್. ಬಣ್ಣದ ಅರಗಿನ ಕಡ್ಡಿ ಸುಮ್ಗೆ ಒತ್ಕಂಡಿದ್ರೆ ಬಣ್ಣ ಕೂತ್ಕತದೆ."

ಗಣಿತದ ಮೇಷ್ಟ್ರು ಕೈವಾರ ಇಟ್ಟು ನೋಡಿದರು. ಕೂದಲೆಳೆಯಷ್ಟೂ ತಪ್ಪಿಲ್ಲ.

"ಎಲ್ಲಾ ನನ್ನ ತರಬೇತಿ" ಅಂದುಬಿಟ್ಟೆ.

"ಹಾಗಾದ್ರೆ ಬೋರ್ಡ್ ಮೇಲೆ ನೀವೊಂದು ಚೆಂಡು ಹಾಕಿ" ಅಂದರು ಮೇಡಂ.

ಹಾಕಿದೆ. ಕಡಲೆಕಾಯಿ ಬಂತು. ಮೇಷ್ಟ್ರು ಕಿಸಕ್ಕೆಂದರು. ನನ್ನ ಪೀರಿಯಡ್ ಬಾಗಿಲು ದಾಟಿ ಹೋಗುತ್ತಿರುವುದು ಕಣ್ಣಿಗೆ ಕಂಡಿತು. ಆಗ ಆ ಹುಡುಗಿ ಕೂಗಿದಳು: "ಸಾರ್, ಬೋರ್ಡ್ ತಿರುಗಲ್ಲ. ನೀವೇ ತಿರುಗಿ!"

ಚಾಕ್ ಹಿಡಿದ ಕೈ ಚಾಚಿ ತಿರುಗಿದೆ ನೋಡಿ! ಚನ್ನಪಟ್ಟಣದ ಯಾವ ಬುಗುರಿಯೂ ಹಾಗೆ ತಿರುಗಿಲ್ಲ. ನಿಂತಾಗ ಬೋರ್ಡ್ ಮೇಲೆ ಅದೇ ಕಡಲೆಕಾಯಿ. ಗಣಿತದ ಮೇಷ್ಟ್ರ ನೀಲಿ ಅಂಗಿಯ ಮೇಲೆ ಈ ಭುಜದಿಂದ ಆ ಭುಜಕ್ಕೆ ಒಂದು ಬಿಳಿ ಗೆರೆ. ಮಕ್ಕಳು ಬೆಂಚು ಹತ್ತಿ ಕುಣಿದವು.

ಮೇಡಂ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮಕ್ಕಳಿಗೆ ಏನಿಷ್ಟ ಅಂತ ಗೊತ್ತಾಯ್ತು ಬಿಡಿ. ಮೇಷ್ಟ್ರು ತಿರುಗೋದು! ಪೀರಿಯಡ್ ನಿಮ್ಮತ್ರಾನೇ ಇರ್ಲಿ."