ಮಧ್ಯದವರನ್ನು ಕೇಳದೆ ಜಿಗಿಯುವ ಪ್ರೋಗ್ರಾಮಿನ ಕುರಿತು

ಗಣಕ ಮತ್ತು ಫಲಿತಾಂಶ ವಿಭಾಗ, ಮಣಿಪಾಲ
ಸಂಖ್ಯೆ: ಗಫವಿ/ಜಿಗಿತ/14/1987-88
ದಿನಾಂಕ: 21-10-1987

ವಿಷಯ: ಸಿ ಭಾಷೆಯ ಪ್ರೋಗ್ರಾಮುಗಳು ಆಳದಿಂದ ನೇರವಾಗಿ ಆರಂಭಕ್ಕೆ ಜಿಗಿಯುವುದು ಮತ್ತು ಹೊಸ ಯಂತ್ರದಲ್ಲಿ ದಾರಿಮಧ್ಯೆ ಅಸುನೀಗುವುದು.

ಉಲ್ಲೇಖ: ಲೆಕ್ಕಪರಿಶೋಧಕ ಶ್ರೀ ಆಲ್ಫೋನ್ಸ್ ಅವರ ಆಕ್ಷೇಪಣೆ.

ತಾತ್ಕಾಲಿಕ ಪ್ರೋಗ್ರಾಮರ್, ಬನ್ನಂಜೆಯ ವೇದಾವತಿ ಅವರು ಬರೆದ ಅಂಕಪಟ್ಟಿ ಪ್ರೋಗ್ರಾಂ ತಪ್ಪು ಅಂಕ ಕಂಡ ಕೂಡಲೇ, ಎಷ್ಟೇ ಒಳಗಿದ್ದರೂ ಒಂದೇ ನೆಗೆತಕ್ಕೆ ಮೊದಲಿಗೆ ಮರಳುತ್ತದೆ. ಹಳೆಯ ಯಂತ್ರ ಇದನ್ನು ಆಕ್ಷೇಪಿಸಿರಲಿಲ್ಲ. ಹೊಸದರಲ್ಲಿ ಪ್ರತಿ ನೆಗೆತವೂ ಕುಸಿತದಲ್ಲಿ ಮುಗಿಯಿತು. ವಿಚಾರಣಾ ಸಮಿತಿಯ ಮುಂದೆ ಅವರ ಹೇಳಿಕೆ ಇಂತಿದೆ: “ಹಳೆಯದ್ದು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಸಾರ್, ಕಾರ್ಕಳದಲ್ಲಿ ಹತ್ತಿದ್ರೆ ಉಡುಪಿಯಲ್ಲೇ ಇಳಿಸ್ತದೆ. ಇದಕ್ಕೆ ಪ್ರತಿ ಸ್ಟಾಪಿನಲ್ಲೂ ಚೆಕ್ಕಿಂಗ್ ಉಂಟು. ಒಂದು ಸ್ಟಾಪಿನ ಗುರುತು ಸಿಗದಿದ್ರೆ ಅಲ್ಲೇ ಜೀವ ಬಿಡ್ತದೆ. ಹಾಗಾಗಿ ಈ ಮೆಷಿನಿಗೆ ಮಾತ್ರ ಚೆಕ್ಕಿಂಗ್ ತಪ್ಪಿಸುವ ನಾಲ್ಕು ಸಾಲು ಹಾಕಿದೆ. ಈಗ ಸರಿ ಉಂಟು ಅಲ್ವಾ?”

ಸರಿ ಇರುವುದು ದೃಢಪಟ್ಟಿದೆ. ಆದರೆ ಶ್ರೀ ಆಲ್ಫೋನ್ಸ್ ಅವರು ಆಕ್ಷೇಪಿಸಿರುವಂತೆ ತಪಾಸಣೆ ತಪ್ಪಿಸುವುದು ಅಶಿಸ್ತು. ಅವರ ಹುದ್ದೆ ತಿಂಗಳಾಂತ್ಯಕ್ಕೆ ಮುಗಿಯಲಿದ್ದು, ಖಾಯಂ ಮಾಡುವ ಪ್ರಶ್ನೆ ಸದರಿ ಸಾಲುಗಳ ವಿಲೇವಾರಿಗೆ ಒಳಪಟ್ಟಿದೆ. ಹೇಳಿಕೆಯುದ್ದಕ್ಕೂ ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿದ್ದುದನ್ನು ಸಮಿತಿ ಗಮನಿಸಿದೆ, ಕಾರಣ ಕೇಳಿಲ್ಲ. ಅದರಂತೆ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಮಧ್ಯದ ಫಂಕ್ಷನ್ನುಗಳ, ಅಂದರೆ ಒಂದನ್ನೊಂದು ಕರೆದು ಕೆಲಸ ಮಾಡಿಸುವ ಒಳಭಾಗಗಳ, ಒಪ್ಪಿಗೆಯಿಲ್ಲದೆ ಯಾವ ಪ್ರೋಗ್ರಾಮೂ ಜಿಗಿಯತಕ್ಕದ್ದಲ್ಲ. ತಪ್ಪು ಕಂಡ ಫಂಕ್ಷನ್ನು ತನ್ನನ್ನು ಕರೆದದ್ದಕ್ಕೆ, ಅದು ತನ್ನನ್ನು ಕರೆದದ್ದಕ್ಕೆ, ಹೀಗೆ ಸೂಕ್ತ ಮಾರ್ಗವಾಗಿ ತಿಳಿಸತಕ್ಕದ್ದು.

2. ಹೊಸ ಯಂತ್ರವನ್ನು ದೂರುವಂತಿಲ್ಲ. ಈ ಸಲದ ಆಯುಧಪೂಜೆಯಂದು ಅದಕ್ಕೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯಲಾಗಿದೆ.

3. ಸದರಿ ಸಾಲುಗಳಿಂದಲೇ ಪ್ರೋಗ್ರಾಂ ಓಡುತ್ತಿರುವುದು ಸಾಬೀತಾಗಿರುವ ಕಾರಣ ಅವುಗಳನ್ನು ತೆಗೆಯತಕ್ಕದ್ದು. ಆನಂತರದ ಕುಸಿತವನ್ನು ನಿಯಮಬದ್ಧ ಕುಸಿತವೆಂದು ಪರಿಗಣಿಸಲಾಗುವುದು.

4. ನಿಯಮಬದ್ಧ ಕುಸಿತವು ಕಚೇರಿ ವೇಳೆಯಲ್ಲೇ ಆಗತಕ್ಕದ್ದು. ಊಟದ ಬಿಡುವಿನಲ್ಲಿ ಕುಸಿದ ಪ್ರೋಗ್ರಾಂ ಬಿಡುವಿನ ಬಳಿಕ ಮತ್ತೊಮ್ಮೆ ಕುಸಿಯತಕ್ಕದ್ದು.

5. ಸಾಲುಗಳನ್ನು ತೆಗೆಯಲು ಅಧೀಕ್ಷಕ ಶ್ರೀ ಕಜೆಟನ್ ಅವರಿಗೆ ಸೂಚಿಸಿದಾಗ, “ಎಂತದ್ದನ್ನು ತೆಗೆಯುವುದು ಮಾರಾಯ್ರೆ? ನನಗೆ ಎಲ್ಲ ಸಾಲೂ ಒಂದೇ ಹಾಗೆ ಕಾಣ್ತದೆ. ನಾನು ಕೈ ಹಾಕಿದ್ರೆ ಇದ್ದದ್ದೂ ಹೋಗ್ತದೆ” ಎಂದಿದ್ದಾರೆ. ಆದ್ದರಿಂದ ಹಾಕಿದವರೇ ತೆಗೆಯತಕ್ಕದ್ದು. ಆದರೆ ತಾತ್ಕಾಲಿಕ ನೌಕರರು ಚಾಲ್ತಿಯಲ್ಲಿರುವ ಪ್ರೋಗ್ರಾಮಿನಿಂದ ಏನನ್ನೂ ತೆಗೆಯುವಂತಿಲ್ಲ.

6. ಈ ಅಡಚಣೆಯ ನಿವಾರಣೆಗಾಗಿ, ಸದರಿ ಸಾಲುಗಳನ್ನು ತೆಗೆಯುವ ಏಕೈಕ ಉದ್ದೇಶಕ್ಕೆ ಒಳಪಟ್ಟು, ವೇದಾವತಿ ಅವರನ್ನು ಖಾಯಂ ಮಾಡಲಾಗಿದೆ. ತೆಗೆದು ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ವರ್ಷಕ್ಕೊಮ್ಮೆ ಪ್ರಗತಿ ವರದಿ ಸಲ್ಲಿಸತಕ್ಕದ್ದು. ಮೊದಲನೆಯದು ಇಂದೇ ಬಂದಿದೆ. ಪ್ರಗತಿ ಶೂನ್ಯ. ಸಮಿತಿ ತೃಪ್ತಿ ವ್ಯಕ್ತಪಡಿಸಿದೆ.

ಸಹಿ/-
(ಹಯಗ್ರೀವ)
ಉಪನಿರ್ದೇಶಕರು

ಪ್ರತಿಗಳು:
1. ಶ್ರೀ ಆಲ್ಫೋನ್ಸ್: ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ ಎಂಬ ಸಮಾಧಾನಕ್ಕಾಗಿ.
2. ಕಾಪು ಮತ್ತು ಕಾರ್ಕಳ ಶಾಖೆಗಳು: ಅಲ್ಲಿ ಯಂತ್ರವಿಲ್ಲದ ಕಾರಣ ಕಟ್ಟುನಿಟ್ಟಾಗಿ ಪಾಲಿಸಲು.
3. ಹೊಸ ಯಂತ್ರ: ಗಾಳಿಕಿಂಡಿ ಮುಚ್ಚದಂತೆ ಅಂಟಿಸಲು.
4. ವೇದಾವತಿ: ನಿವೃತ್ತಿಯ ದಿನ ಸಂಜೆಯೊಳಗೆ ಸಾಲುಗಳನ್ನು ತೆಗೆಯಲು.